ಸೊನ್ನೆ ಕಾಮೆಂಟು

ಜೂನ್ ೨, ಭಾನುವಾರ

ಪ್ರೀತಿಯ ಹಲ್ಲುಪುಡಿ,

ಹೇಗಿದ್ದೀಯೇ? ಮೂರು ವರ್ಷದ ಮೇಲೆ ಬರೆಯುತ್ತಿದ್ದೇನೆ, ಅದೂ ಕಾಗದದ ಮೇಲೆ. ತಡವಾಯಿತು, ಕ್ಷಮಿಸು ಎನ್ನಬೇಕು. ಆದರೆ ತಡ ಮಾಡಿದವಳು ನಾನೊಬ್ಬಳೇ ಅಲ್ಲವಲ್ಲ! ಅರ್ಧ ಕ್ಷಮೆ ನಾನು ಕೇಳಿದ್ದೇನೆ, ಉಳಿದರ್ಧ ನೀನು ಕೇಳು. ನಿನ್ನ ಹಳೆಯ ನಂಬರಿಗೆ ಫೋನು ಮಾಡಿದರೆ ಯಾರೋ ಟೈರ್ ಅಂಗಡಿಯವನು ಎತ್ತಿ, "ಹಲ್ಲುಪುಡಿ ಗಿಲ್ಲುಪುಡಿ ಯಾರೂ ಇಲ್ಲಮ್ಮಾ ಇಲ್ಲಿ" ಎಂದ. ಇಮೇಲು ಹೋದ ವೇಗದಲ್ಲೇ ವಾಪಸು ಬಂತು. ಕೊನೆಗೆ ನೀನು ಹಿಂದೊಮ್ಮೆ ಕಳಿಸಿದ ಪಾರ್ಸೆಲ್ ಡಬ್ಬದ ಮೇಲೆ ನಿನ್ನ ಹಲ್ಲು ಕಟ್ಟುವ ಲ್ಯಾಬಿನ ವಿಳಾಸ ಸಿಕ್ಕಿತು. ಆ ಡಬ್ಬದಲ್ಲಿ ಈಗ ನಾನು ದಾರದ ಉಂಡೆಗಳನ್ನು ಇಟ್ಟಿದ್ದೇನೆ.

ಅದರಲ್ಲಿ ನೀನು ಕಳಿಸಿದ್ದ ಗುಂಡಿ ನೆನಪಿದೆಯಾ? ಕಟ್ಟುಹಲ್ಲಿನ ಒಸಡಿಗೆ ಬಳಸುವ ಗುಲಾಬಿ ಬಣ್ಣದ ಪ್ಲಾಸ್ಟಿಕ್ಕಿನಲ್ಲಿ ನೀನೇ ಮಾಡಿದ್ದು. ಈಗಲೂ ನನ್ನ ಏಪ್ರನ್ನಿನ ಎದೆಯ ಮೇಲಿದೆ. ಗಿರಾಕಿಗಳು "ಎಷ್ಟು ಚೆನ್ನಾಗಿದೆ, ಎಲ್ಲಿ ಸಿಗುತ್ತೆ ಇದು?" ಎಂದು ಕೇಳುತ್ತಾರೆ. "ಬಾಯಲ್ಲಿ" ಎನ್ನುತ್ತೇನೆ. ತಕ್ಷಣ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ ಅವರು.

ಅಂಗಡಿ ಹಾಗೆಯೇ ನಡೆಯುತ್ತಿದೆ. ಉದ್ದ ಇದ್ದದ್ದನ್ನು ಗಿಡ್ಡ ಮಾಡುವುದು, ಬಿಗಿ ಇದ್ದದ್ದನ್ನು ಸಡಿಲ ಮಾಡುವುದು, ಜಿಪ್ಪು ಬದಲಿಸುವುದು. ಹೊಸ ಬಟ್ಟೆ ಹೊಲಿಯುವವರಿಗೆ ಹೆಸರು, ಹಳೆಯದನ್ನು ಸರಿಪಡಿಸುವವರಿಗೆ ಬೈಗುಳ. ಇದು ನಿನಗೂ ಗೊತ್ತಿರುವ ಸಂಗತಿಯೇ. ನಮ್ಮವರು ನಿವೃತ್ತರಾಗಿ ಅಂಗಡಿಯ ಸ್ಟೂಲಿನ ಮೇಲೆ ಸ್ಥಾಪನೆಯಾಗಿದ್ದಾರೆ. ದಿನವಿಡೀ ಗಿರಾಕಿಗಳಿಗೆ ನನ್ನ ಮೇಲೆ ದೂರು ಹೇಳುವುದೇ ಅವರ ಹೊಸ ಉದ್ಯೋಗ. ಮಗಳು ಅಂಗಡಿಯ ವೀಡಿಯೋ ಮಾಡಿ ಹಾಕುತ್ತಾಳೆ. ಅದರಲ್ಲಿ ಮೂವತ್ತು ಸೆಕೆಂಡಿಗೆ ಒಂದು ಪ್ಯಾಂಟು ಗಿಡ್ಡವಾಗುತ್ತದೆ, ಹಿಂದೆ ಡಬಡಬ ಸಂಗೀತ ಬೇರೆ. ನಿಜಕ್ಕೆ ನನಗೆ ನಲವತ್ತು ನಿಮಿಷ ಬೇಕು, ಸಂಗೀತ ಎಂದರೆ ನಮ್ಮವರ ಗೊಣಗಾಟ.

ಈಗ ವಿಷಯಕ್ಕೆ ಬರುತ್ತೇನೆ. ನಮ್ಮ ಬ್ಲಾಗುಗಳಿಗೆ ಜಾಗ ಕೊಟ್ಟಿದ್ದ ಕಂಪನಿ ಬಾಗಿಲು ಹಾಕುತ್ತಿದೆ ಕಣೇ. ಜೂನ್ ಮೂವತ್ತು ಕೊನೆಯ ದಿನ. ಅಷ್ಟರೊಳಗೆ ಅವರವರ ಬರಹ ಅವರವರು ಇಳಿಸಿಕೊಳ್ಳಬೇಕು, ಆಮೇಲೆ ಎಲ್ಲ ಅಳಿಸಿಹಾಕುತ್ತಾರಂತೆ. ನನ್ನ 'ಜೇಬಿನಲ್ಲಿ ಸಿಕ್ಕಿದ್ದು' ಹೋಗುತ್ತದೆ, ನಿನ್ನ 'ಕಡಲೆ ಮತ್ತು ಹಲ್ಲು' ಕೂಡ ಹೋಗುತ್ತದೆ. ನನಗೆ ನೋಟಿಸು ಬಂತು. ನಿನ್ನ ಇಮೇಲು ಸತ್ತಿರುವುದರಿಂದ ನಿನಗೆ ಬಂದಿರಲಿಕ್ಕಿಲ್ಲ ಎಂದೇ ಈ ಕಾಗದ.

ನೋಟಿಸು ಓದಿ ಸುಮ್ಮನೆ ಒಳಗೆ ಹೋಗಿ ನೋಡಿದೆ. ಏಳು ವರ್ಷದಲ್ಲಿ ಮುನ್ನೂರ ಹನ್ನೆರಡು ಬರಹ ಬರೆದಿದ್ದೇನೆ! ಜನ ರಿಪೇರಿಗೆ ಕೊಟ್ಟ ಬಟ್ಟೆಗಳ ಜೇಬಿನಲ್ಲಿ ಸಿಕ್ಕ ಸಿನಿಮಾ ಟಿಕೆಟ್ಟು, ಒಂಟಿ ಓಲೆ, ಮಗುವಿನ ಕಾಲುಚೀಲ, ಹರಿದು ಮತ್ತೆ ಅಂಟಿಸಿದ ಫೋಟೋ, ಒಂದೊಂದಕ್ಕೂ ಒಂದೊಂದು ಕಥೆ. ಓದುತ್ತಿದ್ದವರು ಒಂಬತ್ತು ಜನ. ಆದರೆ ಎಂಥ ಒಂಬತ್ತು! ಆ ನಿಯಮ ನೆನಪಿದೆಯಲ್ಲ? ನಾನೇ ಮಾಡಿದ್ದು: ಕಾಮೆಂಟಿನಲ್ಲಿ 'ಚೆನ್ನಾಗಿದೆ', 'ಸೂಪರ್' ಎಂದು ಬರೆದು ಜಾರಿಕೊಳ್ಳುವ ಹಾಗಿಲ್ಲ. ಬರಹದಿಂದ ಒಂದು ಸಾಲು ಎತ್ತಿ ತೋರಿಸಬೇಕು, ಯಾಕೆ ಎತ್ತಿದೆ ಎಂದು ಹೇಳಬೇಕು. ತಪ್ಪಿದವರಿಗೆ ದಂಡವಾಗಿ ಆ ವಾರ ಒಂದು ಹೊಸ ಬರಹ. ಒಂಬತ್ತರಲ್ಲಿ ಒಬ್ಬರಾದ ಪೋಸ್ಟ್‌ಮಾಸ್ಟರು ಒಮ್ಮೆ 'ತುಂಬಾ ಚೆನ್ನಾಗಿದೆ' ಎಂದು ಬರೆದು, ನಾನು ದಂಡ ಹಾಕಿದ್ದಕ್ಕೆ, 'ಈಯಮ್ಮ ಸೂಜಿಯಲ್ಲ, ದಬ್ಬಳ' ಎಂದೇ ಒಂದು ಬರಹ ಬರೆದಿದ್ದರು. ದಬ್ಬಳ ಎನ್ನಲು ಹೆದರಿ ಅಂದಿನಿಂದ ನೀವೆಲ್ಲ ನನ್ನನ್ನು ಸೂಜಿಯಕ್ಕ ಎಂದಿರಿ.

ಆಮೇಲೆ ಎಲ್ಲರೂ ಒಬ್ಬೊಬ್ಬರಾಗಿ ಫೋನಿನೊಳಗೆ ಸೇರಿಕೊಂಡೆವು. ಯಾರನ್ನು ದೂರಲಿ? ಮೊದಲು ಹೋದವಳೇ ನಾನು. "ಅಮ್ಮಾ, ಅಷ್ಟುದ್ದ ಯಾರು ಓದ್ತಾರೆ? ನಾಲ್ಕು ಸಾಲು ಹಾಕು, ಒಂದು ಫೋಟೋ ಹಾಕು" ಎಂದಳು ಮಗಳು. ಹಾಕಿದೆ. ಒಂಬತ್ತರ ಜಾಗದಲ್ಲಿ ಒಂಬೈನೂರು ಜನ ಬಂದರು. ಹೆಬ್ಬೆರಳು, ಹೃದಯ, ಚಪ್ಪಾಳೆ! ತಲೆ ತಿರುಗಿತು ಕಣೇ, ಸುಳ್ಳು ಯಾಕೆ ಹೇಳಲಿ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎನ್ನುತ್ತಾರಲ್ಲ, ಓದುವವರು ಸಿಕ್ಕ ಹೊತ್ತಿಗೆ ನನಗೆ ಬರೆಯುವುದೇ ಮರೆತುಹೋಯಿತು. ನೀನು ಮಾತ್ರ ಬ್ಲಾಗು ಬಿಡದೆ ಬರೆದೆ, ಅದರ ಕೊಂಡಿಯನ್ನು ತಂದು ನಮ್ಮೆದುರು ಹಾಕುತ್ತಿದ್ದೆ. ಒಂದು ದಿನ ಅದೂ ನಿಂತಿತು. ನಾನು ಮೆಸೇಜು ಮಾಡಿದರೆ ಉತ್ತರವಿಲ್ಲ. ನಾನೇನು ನಿನ್ನ ಗಂಟು ತಿಂದಿದ್ದೆನಾ? ಮೂರು ವರ್ಷ ಸಿಟ್ಟು ಇಟ್ಟುಕೊಂಡಿದ್ದೆ. ಈಗ ಸಾಕಾಗಿದೆ, ಸಿಟ್ಟಿಗೂ ವಯಸ್ಸಾಗುತ್ತದೆ.

ನನ್ನ ಯೋಚನೆ ಇಷ್ಟು. ನನ್ನದರ ಜೊತೆ ನಿನ್ನ ಬ್ಲಾಗನ್ನೂ ಒಂದೊಂದೇ ಪುಟ ತೆರೆದು, ಕೆಳಗಿನ ಕಾಮೆಂಟುಗಳ ಸಮೇತ ಪ್ರಿಂಟು ತೆಗೆದು, ಹೊಲಿದು, ನಿನಗೆ ಕಳಿಸುತ್ತೇನೆ. ಹೊಲಿಯುವುದು ನನಗೆ ಬಿಡು, ಚರ್ಮ ಹೊಲಿಯುವ ಗಟ್ಟಿ ದಾರ ಇದೆ. ನೀನು ಹೂಂ ಎಂದರೆ ಸಾಕು. ಇನ್ನೊಂದು ಆಸೆಯೂ ಇದೆ, ಮುಚ್ಚಿಡುವುದಿಲ್ಲ: ನೀನು ಮತ್ತೆ ನನ್ನ ಜೊತೆ ಮಾತಾಡಬೇಕು. ಈ ವಯಸ್ಸಿಗೆ ಹೊಸ ಗೆಳತಿಯನ್ನು ಎಲ್ಲಿಂದ ತರಲಿ ನಾನು?

ಅಂದ ಹಾಗೆ, ಅಮ್ಮ ಹೇಗಿದ್ದಾರೆ? ಎಷ್ಟನೆಯ ಸೆಟ್ಟು ನಡೆಯುತ್ತಿದೆ? "ಇದು ಹಲ್ಲೋ, ಕುದುರೆ ಕಡಿವಾಣವೋ?" ಎಂದು ಮೊದಲನೆಯದನ್ನು ನಿನ್ನ ಮೇಲೇ ಎಸೆದಿದ್ದರಲ್ಲ, ಅದನ್ನು ನೆನೆದು ಈಗಲೂ ನಗುತ್ತೇನೆ. ಊರಿಗೆಲ್ಲ ಹಲ್ಲು ಕಟ್ಟುವ ಮಗಳಿಗೆ ಹೆತ್ತಮ್ಮನ ಬಾಯಿ ಒಗ್ಗಲಿಲ್ಲ ನೋಡು! ಈಗಲಾದರೂ ಬೈಗುಳ ಕಡಿಮೆಯಾಗಿದೆಯಾ? ನಾನು ಕೇಳಿದೆನೆಂದು ಹೇಳು.

ನಿನಗಿಂತ ಆರು ವರ್ಷ ದೊಡ್ಡವಳಾದ್ದರಿಂದ ಆಶೀರ್ವಾದ ಮಾಡುವ ಹಕ್ಕು ನನಗಿದೆ. ಕೈ ಕಣ್ಣು ಗಟ್ಟಿಯಾಗಿರಲಿ.

ನಿನ್ನ
ಸೂಜಿಯಕ್ಕ

ಮರೆತಿದ್ದೆ: ಕಾಗದಕ್ಕೆ 'ಚೆನ್ನಾಗಿದೆ' ಎಂದು ಉತ್ತರ ಬರೆದರೆ ದಂಡ ಬೀಳುತ್ತದೆ.


ಜೂನ್ ೧೧, ಮಂಗಳವಾರ

ಪ್ರೀತಿಯ ಹಲ್ಲುಪುಡಿ,

ನಿನ್ನ ಉತ್ತರ ಬರಲಿಲ್ಲ. ಮೊದಲ ನಾಲ್ಕು ದಿನ ಅಂಚೆಯವನ ಸೈಕಲ್ಲಿನ ಬೆಲ್ಲಿಗೆ ಕಿವಿಯಿಟ್ಟು ಕೂತಿದ್ದೆ. ಗಡುವು ಹತ್ತಿರವಾಗುತ್ತಿದೆ, ಬೇಡ ಎನ್ನದಿದ್ದರೆ ಒಪ್ಪಿಗೆ ಎಂದೇ ಲೆಕ್ಕ ಹಾಕಿ ಕೆಲಸ ಶುರು ಮಾಡಿಬಿಟ್ಟೆ. ಕೇಳದೆ ಮಾಡಿದ್ದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಈ ಸಲ ಪೂರ್ತಿ ಕ್ಷಮೆ, ಅರ್ಧ ಅಲ್ಲ.

ಮಧ್ಯಾಹ್ನ ಅಂಗಡಿಯನ್ನು ನಮ್ಮವರಿಗೆ ಒಪ್ಪಿಸಿ ಬೀದಿಯ ಕೊನೆಯಲ್ಲಿರುವ ಜೆರಾಕ್ಸ್ ಅಂಗಡಿಗೆ ಹೋಗುತ್ತೇನೆ. ಅಲ್ಲಿಯ ಹೆಂಗಸು ಭಾರೀ ಖಡಕ್ಕು. ಮೊದಲ ದಿನ, "ಏನ್ರೀ ಇದು, ಪುಸ್ತಕಾನಾ?" ಎಂದಳು. "ಬ್ಲಾಗು" ಎಂದೆ. "ಹಂಗಂದ್ರೆ?" ಎಂದಳು. ಹೇಗೆ ಹೇಳಲಿ ಹೇಳು! "ಯಾರೂ ಕೇಳದಿದ್ರೂ ಬರೆಯೋದು, ಯಾರೋ ಒಬ್ರು ಬಂದು ಓದೋದು" ಎಂದೆ. "ದುಡ್ಡು ಬರ್ತಿತ್ತಾ?" "ಇಲ್ಲ." "ಮತ್ಯಾಕೆ ಬರೀತಿದ್ರಿ?" ಎಂದಳು. ನಾನು ಪ್ರಿಂಟಿನ ದುಡ್ಡು ಎಣಿಸತೊಡಗಿದೆ. ಮೂರನೆಯ ದಿನ ನೋಡಿದರೆ ಮಿಶಿನ್ನಿನಿಂದ ಬಿಸಿಬಿಸಿಯಾಗಿ ಬಂದ ನಿನ್ನ ಪುಟ ಹಿಡಿದು ನಿಂತುಕೊಂಡೇ ಓದುತ್ತಿದ್ದಾಳೆ. ಹಿಂದೆ ನಾಲ್ಕು ಜನ ಕಾಯುತ್ತಿದ್ದರು. "ತಡೀರಿ, ಮುದುಕಪ್ಪ ಹಲ್ಲು ಹಾಕ್ಕೊಂಡು ಮೊಮ್ಮಗಳ ಮದುವೇಲಿ ಫೋಟೋ ತೆಗೆಸ್ಕೊಂಡ್ನಾ ಇಲ್ವಾ ನೋಡ್ತೀನಿ" ಎಂದಳು ಅವರಿಗೆ. ನಿನಗೆ ಹತ್ತನೆಯ ಓದುಗಿ ಸಿಕ್ಕಿದ್ದಾಳೆ.

ಮೊದಲಿನಿಂದ ಕೊನೆಗೆ, ಒಂದೊಂದಾಗಿ ಓದುತ್ತಾ ತೆಗೆದೆ. ಬರಹಕ್ಕಿಂತ ಕೆಳಗಿನ ಮಾತುಕತೆಯೇ ಉದ್ದ. ನನ್ನ ಒಂದು ಬರಹದ ಕೆಳಗೆ ಏನು ಸಿಕ್ಕಿತು ಗೊತ್ತಾ? ನಿಮ್ಮಮ್ಮ ಹೇಳಿ ನೀನು ಟೈಪು ಮಾಡಿದ ಕಾಮೆಂಟು. ನಾನು ಕೋಟಿನ ಜೇಬಿನಲ್ಲಿ ಸಿಕ್ಕ ಪ್ರೇಮಪತ್ರದ ಬಗ್ಗೆ ಬರೆದಿದ್ದೆ, ವಾಪಸು ಕೊಡಲು ನಾಚಿಕೆಯಾಗಿ ಇಟ್ಟುಕೊಂಡೆ ಎಂದಿದ್ದೆ. ಅದಕ್ಕೆ ಅವರು: "ಮಗಳು ಓದಿ ಹೇಳಿದಳು. ನಾನು ಎತ್ತುವ ಸಾಲು 'ನಾಚಿಕೆಯಾಗಿ ಇಟ್ಟುಕೊಂಡೆ'. ಕಾರಣ, ಅದು ಸುಳ್ಳು. ಆಸೆಯಾಗಿ ಇಟ್ಟುಕೊಂಡಿದ್ದೀಯ. ನಾಳೆಯೇ ವಾಪಸು ಕೊಡು." ಮರುದಿನವೇ ಕೊಟ್ಟು ಬಂದಿದ್ದೆ. ನನ್ನನ್ನು ಹೀಗೆ ಕಿವಿ ಹಿಡಿದು ಕೇಳಿದವರು ನನ್ನ ಹೆತ್ತವಳು ಬಿಟ್ಟರೆ ನಿನ್ನ ಹೆತ್ತವಳು ಮಾತ್ರ.

ಇವತ್ತು ನಿನ್ನ ಕೊನೆಯ ಬರಹಕ್ಕೆ ಬಂದೆ.

ತಲೆಬರಹ 'ಏಳು ಸೆಟ್ಟು'. ಮೇಲೆ, ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿಟ್ಟ ಏಳು ಕಟ್ಟುಹಲ್ಲುಗಳ ಚಿತ್ರ. 'ಅಮ್ಮನಿಗೆ ನಾನು ಏಳು ಸೆಟ್ಟು ಹಲ್ಲು ಮಾಡಿಕೊಟ್ಟೆ. ಏಳಕ್ಕೂ ಬೈದಳು' ಎಂದು ಶುರುವಾಗುತ್ತದೆ. ಒಂದೊಂದು ಸೆಟ್ಟಿಗೂ ಒಂದೊಂದು ಬೈಗುಳ. ನಗುತ್ತಾ ನಗುತ್ತಾ ಎರಡನೆಯ ಪುಟಕ್ಕೆ ಹೋದೆ. ಅಲ್ಲಿ ಆಸ್ಪತ್ರೆ ಬಂತು. ಆಮೇಲೆ, ಎಲ್ಲ ಮುಗಿದ ಮೇಲೆ, ಕುಗ್ಗಿದ ಆ ಬಾಯಿ ನೋಡಲಾಗದೆ ನೀನು ಲ್ಯಾಬಿಗೆ ಹೋಗಿ, ಅಳತೆ ಇಟ್ಟುಕೊಂಡಿದ್ದ ಅಚ್ಚಿನಿಂದ ಎಂಟನೆಯದನ್ನು ಮಾಡಿ ತಂದು, ನಿನ್ನ ಕೈಯಾರೆ ಹಾಕಿದ್ದು. 'ಎಂಟನೆಯದನ್ನು ಬೈಯಲು ಅಮ್ಮ ಇರಲಿಲ್ಲ' ಎಂದು ಮುಗಿಸಿದ್ದೀಯ.

ನಾನು ಜೆರಾಕ್ಸ್ ಅಂಗಡಿಯ ಬೆಂಚಿನ ಮೇಲೆ ಕೂತುಬಿಟ್ಟೆ. ಆ ಹೆಂಗಸು ಒಂದು ಲೋಟ ನೀರು ತಂದು ಇಟ್ಟಳು. ಅಮ್ಮ ಹೋಗಿ ಮೂರು ವರ್ಷವಾಯಿತು, ನನಗೆ ಇವತ್ತು ಸುದ್ದಿ! ಹೋದ ವಾರವಷ್ಟೇ ನಾನು 'ಎಷ್ಟನೆಯ ಸೆಟ್ಟು ನಡೆಯುತ್ತಿದೆ' ಎಂದು ಬರೆದು ಅಂಚೆಗೆ ಹಾಕಿದೆನಲ್ಲ, ಆ ಕಾಗದ ನಿನ್ನ ಕೈಗೆ ಸಿಕ್ಕಿರುತ್ತದಲ್ಲ, ಅದನ್ನು ನೆನೆದರೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈ ಬರಹವನ್ನು ನಾನು ನೋಡಿಯೇ ಇರಲಿಲ್ಲ ಕಣೇ. ಆ ದಿನಗಳಲ್ಲಿ ಫೋನಿನ ಗದ್ದಲದಲ್ಲಿ ಹೇಗೋ ತಪ್ಪಿಹೋಗಿದೆ. ನೋಡಿದ್ದರೆ ಮರುದಿನವೇ ಬಸ್ಸು ಹತ್ತಿ ಬರುತ್ತಿದ್ದೆ.

ಅದರ ಕೆಳಗೆ 'ಸೊನ್ನೆ ಕಾಮೆಂಟು' ಎಂದಿದೆ. ಒಂಬತ್ತು ಜನರಲ್ಲಿ ಒಬ್ಬರೂ ಬಂದಿಲ್ಲ. ಒಂದು ಕಾಲದಲ್ಲಿ ನಿನ್ನ ಲ್ಯಾಬಿನ ಫ್ಯಾನು ಕೆಟ್ಟಿದ್ದಕ್ಕೆ ಹದಿನಾರು ಕಾಮೆಂಟು ಹಾಕಿದ್ದೆವು. ನಮ್ಮವರಿಗೆ ಓದಿ ಹೇಳಿದೆ. ಅವರು, "ಇದನ್ನ ಬರೆದು, ಯಾರಾದ್ರೂ ಬರ್ತಾರೇನೋ ಅಂತ ಎಷ್ಟು ಸಲ ತೆಗೆದು ನೋಡಿರ್ತಾಳೋ ಪಾಪ" ಎಂದರು. ಜೀವಮಾನದಲ್ಲಿ ಮೊದಲ ಬಾರಿಗೆ ಸರಿಯಾದ ಮಾತು ಆಡಿದರು ಆ ಮನುಷ್ಯ, ಅದೂ ನನಗೆ ಚುಚ್ಚುವಂಥದ್ದು.

ಅಂದಂದಿನ ಪುಟ ಅಂದಂದೇ ಹೊಲಿಯುತ್ತಿದ್ದೆ, ಈ ರಾತ್ರಿ ಪುಸ್ತಕ ಮುಗಿಯಿತು. ಅಮ್ಮನ ಬೈಗುಳದ ಬರಹಗಳನ್ನೆಲ್ಲ ಬೇರೆ ಮಾಡಿ, ಚಿಕ್ಕದೊಂದು ಹೊಲಿದಿದ್ದೇನೆ. ಹೊರಗಿನ ಬಟ್ಟೆ ಹಸಿರು. ಅಮ್ಮನಿಗೆ ಹಸಿರು ಇಷ್ಟ ಎಂದು ನೀನೇ ಎಲ್ಲೋ ಬರೆದಿದ್ದೆ. ಮುಚ್ಚಲು ಒಂದು ಗುಂಡಿ ಬೇಕಿತ್ತು, ನನ್ನ ಏಪ್ರನ್ನಿನ ಗುಲಾಬಿ ಗುಂಡಿಯನ್ನೇ ಬಿಚ್ಚಿ ಹಾಕಿದ್ದೇನೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನನ್ನ ಕಥೆ ಅಷ್ಟೇ.

ಊಟ ನಿದ್ದೆ ಸರಿಯಾಗಿ ಮಾಡು. ಒಬ್ಬಳೇ ಇದ್ದೀಯಾ, ಯಾರಾದರೂ ಜೊತೆಗಿದ್ದಾರಾ, ಅದೂ ನನಗೆ ಗೊತ್ತಿಲ್ಲ. ಎಲ್ಲಿದ್ದರೂ ಹೇಗಿದ್ದರೂ ಸುಖವಾಗಿರು ತಾಯಿ. ಅಮ್ಮನ ಬೈಗುಳವೆಲ್ಲ ನಿನಗೆ ಆಶೀರ್ವಾದವಾಗಿಯೇ ತಟ್ಟಿರುತ್ತದೆ.

ನಿನ್ನ
ಸೂಜಿಯಕ್ಕ


ಪುನಶ್ಚ (ಜೂನ್ ೧೩, ಗುರುವಾರ):

ಕಾಗದ ಎರಡು ದಿನದಿಂದ ಹೊಲಿಗೆ ಮಿಶಿನ್ನಿನ ಮೇಲೇ ಬಿದ್ದಿದೆ. ಲಕೋಟೆಗೆ ಹಾಕಲು ಕೈ ಬರಲಿಲ್ಲ. ಮೇಲೆ 'ನೋಡಿಯೇ ಇರಲಿಲ್ಲ' ಎಂದು ಬರೆದೆನಲ್ಲ, ಅದು ಸುಳ್ಳು. ಅಮ್ಮ ಇದ್ದಿದ್ದರೆ ಆ ಸಾಲನ್ನೇ ಎತ್ತುತ್ತಿದ್ದರು.

ಕಿಟಕಿಯ ಕಟ್ಟೆಯ ಮೇಲಿನ ಆ ಏಳು ಸೆಟ್ಟುಗಳ ಚಿತ್ರ ಕಂಡ ಕ್ಷಣವೇ ಎಲ್ಲ ನೆನಪಾಗಿತ್ತು. ಆ ದಿನ ನೀನು ಫೋನಿನಲ್ಲಿ ನಮ್ಮೆಲ್ಲರೆದುರು ಅದರ ಕೊಂಡಿ ತಂದು ಹಾಕಿದ್ದೆ. ಚಿತ್ರ, ಅದರ ಕೆಳಗೆ ಮೊದಲ ಎರಡು ಸಾಲು, ಅಷ್ಟೇ ಕಾಣುತ್ತಿತ್ತು. ಉಳಿದದ್ದಕ್ಕೆ ಒಂದು ಸಲ ಒತ್ತಿ ಒಳಗೆ ಹೋಗಬೇಕಿತ್ತು. ನಾನು ಹೋಗಲಿಲ್ಲ. ಅದೇ ಬೆಳಿಗ್ಗೆ ನನ್ನ ಯಾವುದೋ ಫೋಟೋಗೆ ಎಷ್ಟು ಹೃದಯ ಬಂತೆಂದು ನೋಡುವ ಆತುರ. ಬಿದ್ದು ಬಿದ್ದು ನಗುವ ಮುಖ ಒತ್ತಿ, ಕೆಳಗೆ ಬರೆದೆ: "ಎಂಟನೇದೂ ಮಾಡ್ಕೊಡೇ, ಅದಕ್ಕೂ ಬೈತಾರೆ ನೋಡು!"

ನಿನ್ನೆ ಫೋನಿನಲ್ಲಿ ಹುಡುಕಿ ನೋಡಿದೆ. ಈಗಲೂ ಅಲ್ಲೇ ಇದೆ. ಎಲ್ಲಕ್ಕಿಂತ ಮೊದಲು ನಕ್ಕವಳು ನಾನು, ನನ್ನನ್ನು ನೋಡಿ ಇನ್ನೂ ನಲವತ್ತೊಂದು ಜನ ನಕ್ಕಿದ್ದಾರೆ. ನನ್ನ ಮಾತಿನ ಕೆಳಗೆ ನೀನು "ಹೂಂ ಅಕ್ಕ" ಎಂದು ಬರೆದಿದ್ದೀಯ. ಅಷ್ಟೇ. ಅದನ್ನೂ ನೋಡಿ ನಾನು ಮುಂದೆ ಹೋಗಿದ್ದೆ. ಆಮೇಲೆ ಮೂರು ವರ್ಷ, ಇವಳೇಕೆ ಮಾತು ಬಿಟ್ಟಳು ಎಂದು ನಿನ್ನ ಮೇಲೆ ಸಿಟ್ಟು ಮಾಡಿಕೊಂಡೆ.

ಈ ಕಾಗದ ಹರಿದು ಹೊಸದಾಗಿ ಬರೆಯಬಹುದಿತ್ತು. ಬರೆಯುವುದಿಲ್ಲ. ಆ ಸುಳ್ಳನ್ನೂ ನೀನು ಓದಬೇಕು. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ, ಆದರೂ ಕೇಳುತ್ತಿದ್ದೇನೆ. ಉತ್ತರ ಬರೆಯದಿದ್ದರೆ ಈ ಸಲ ಸಿಟ್ಟು ಮಾಡಿಕೊಳ್ಳುವುದಿಲ್ಲ.

ಇವತ್ತು ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ನಿನ್ನ ಬ್ಲಾಗಿಗೆ ಹೋಗಿ 'ಏಳು ಸೆಟ್ಟು' ಮತ್ತೊಮ್ಮೆ ಓದಿದೆ, ಒಂದಕ್ಷರ ಬಿಡದೆ. ಕೆಳಗೆ ನಿಯಮದ ಪ್ರಕಾರ ಬರೆದಿದ್ದೇನೆ:

"ನಾನು ಎತ್ತುವ ಸಾಲು: 'ಎಂಟನೆಯದು ಸರಿಯಾಗಿ ಕೂತಿತು, ಆದರೆ ಅದನ್ನು ಯಾರಿಗೆ ಹೇಳಲಿ?' ಕಾರಣ: ನೀನು ನನಗೆ ಹೇಳಿದ್ದೆ. ನಾನು ನಕ್ಕೆ."

ಸೊನ್ನೆ ಇದ್ದ ಕಡೆ ಈಗ ಒಂದು ಎಂದಿದೆ. ಇನ್ನು ಹದಿನೇಳು ದಿನ ಇರುತ್ತದೆ, ಆಮೇಲೆ ಅಳಿಸಿಹೋಗುತ್ತದೆ. ಅಷ್ಟರೊಳಗೆ ಒಂದು ಸಲ ತೆಗೆದು ನೋಡೇ.